ಅಪ್ಪಾ, ಇವತ್ತು ಬರೀ ಆಟ ಆಡೋಣ್ವಾ?

ಪ್ರಶ್ನೆ: ನಾನು ಬೋರ್ಡ್ ಗೇಮ್ ಡಿಸೈನರ್. ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದೆ. ಒಂದು ಸಣ್ಣ ಕಾರ್ಡ್ ಆಟ ಪ್ರಕಟವಾಗಿದೆ. ಈಗ ದೊಡ್ಡ ಆಟವೊಂದರ ಹಿಂದೆ ಬಿದ್ದಿದ್ದೇನೆ. ನೋಡಿದವರೆಲ್ಲ ‘ನಿನಗೇನಪ್ಪಾ, ದಿನವಿಡೀ ಆಟ’ ಅನ್ನುತ್ತಾರೆ. ನನ್ನ ದಿನ ಹೋಗುವುದು ಸ್ಪ್ರೆಡ್‌ಶೀಟ್‌ನಲ್ಲಿ ಅಂಕಿ ತಿದ್ದುತ್ತಾ, ಕಾರ್ಡ್ ಕತ್ತರಿಸುತ್ತಾ, ಪ್ರಕಾಶಕರ ಇಮೇಲ್ ಕಾಯುತ್ತಾ. ರಾತ್ರಿ ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೊಸ ಆವೃತ್ತಿ ಆಡಿಸುತ್ತೇನೆ. ಮೊದಮೊದಲು ಖುಷಿಯಿಂದ ಬರುತ್ತಿದ್ದರು. ಈಗ ಹೆಂಡತಿ ಏನಾದರೂ ನೆಪ ಹೇಳುತ್ತಾಳೆ. ಹೋದ ವಾರ ಹನ್ನೊಂದು ವರ್ಷದ ಮಗಳು, ‘ಅಪ್ಪಾ, ಇವತ್ತು ಆ ನೋಟ್‌ಬುಕ್ ಬೇಡ, ಬರೀ ಆಟ ಆಡೋಣ್ವಾ?’ ಅಂದಳು. ಸರಿ ಎಂದು ಕೂತೆ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಪೆನ್ನಿಗೆ ಹೋಯಿತು. ಅವಳು ಎದ್ದು ಹೋದಳು. ಈ ಕೆಲಸ ನನ್ನ ಆಟವನ್ನೇ ಕಿತ್ತುಕೊಂಡಿತಾ? ಹಳೇ ಕೆಲಸಕ್ಕೆ ವಾಪಸ್ ಹೋಗಲೇ?

ಉತ್ತರ: ಕೆಲಸ ಬಿಡುವ ಮಾತು ಆಮೇಲೆ ಆಡೋಣ. ಮೊದಲು ರಾತ್ರಿಯ ಆ ಮೇಜಿನ ವಿಷಯ.

ನಿಮ್ಮ ಮನೆಯವರು ಅಲ್ಲಿಗೆ ಬಂದು ಕೂರುವುದು ನಿಮ್ಮ ಜೊತೆ ಇರಲಿಕ್ಕೆ. ನೀವು ಕೂರುವುದು ಆಟ ಎಲ್ಲಿ ಜಗ್ಗುತ್ತಿದೆ ಎಂದು ಹುಡುಕಲಿಕ್ಕೆ. ಮಗಳು ಆಕಳಿಸಿದರೆ ಬೇರೆ ಅಪ್ಪಂದಿರು ‘ನಿದ್ದೆ ಬಂತಾ ಪುಟ್ಟಾ’ ಅಂತಾರೆ. ನೀವು ‘ನಾಲ್ಕನೇ ಸುತ್ತು ನಿಧಾನ’ ಎಂದು ಬರೆದುಕೊಳ್ಳುತ್ತೀರಿ. ಮಕ್ಕಳಿಗೆ ಇದು ಗೊತ್ತಾಗದೇ ಇರುತ್ತದಾ? ಅವಳು ಕೇಳಿದ್ದು ತೀರಾ ಸಣ್ಣದು. ಅದನ್ನೂ ಹತ್ತು ನಿಮಿಷ ಕೊಡಲು ನಿಮ್ಮಿಂದ ಆಗಲಿಲ್ಲ. ಬೈಯಬೇಕೆಂದು ಇದನ್ನು ಹೇಳುತ್ತಿಲ್ಲ, ಅಭ್ಯಾಸ ಅಷ್ಟು ಬೇರು ಬಿಟ್ಟಿದೆ ಎಂದು ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಇದರಿಂದ ನಿಮ್ಮ ಆಟಕ್ಕೂ ಲಾಭವಿಲ್ಲ. ಹಳೇ ಆವೃತ್ತಿಗಳನ್ನೆಲ್ಲ ಆಡಿದ ಇವರಿಗೆ ನಿಯಮ ಬಾಯಿಪಾಠ ಆಗಿರುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಮುಖ ನೋಡುತ್ತಾರೆ, ನೀವು ‘ಹಾಗಲ್ಲ, ಹೀಗೆ’ ಎಂದುಬಿಡುತ್ತೀರಿ. ಆಟ ಕೊಂಡವರ ಮನೆಗೆಲ್ಲ ನೀವು ಪೆಟ್ಟಿಗೆಯ ಜೊತೆ ಹೋಗಲು ಆಗುತ್ತದಾ? ದಣಿದ ಹೆಂಡತಿ ಅಂತೂ ಬೇಗ ಮಲಗಬೇಕೆಂದು ‘ಚೆನ್ನಾಗಿದೆ ರೀ’ ಅನ್ನುತ್ತಾರೆ. ಅದನ್ನು ನೀವು ಅಭಿಪ್ರಾಯ ಎಂದು ಬರೆದುಕೊಳ್ಳುತ್ತೀರಿ.

ನಿಮ್ಮ ಕಸುಬಿನಲ್ಲಿ ಬ್ಲೈಂಡ್ ಟೆಸ್ಟ್ ಎನ್ನುವುದು ಇದೆ. ನಿಮಗೆ ಗೊತ್ತಿರದ ವಿಷಯ ಅಲ್ಲ. ಆದರೆ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲದ್ದರಿಂದ ಹೇಳುತ್ತಿದ್ದೇನೆ. ಪೆಟ್ಟಿಗೆ ಮತ್ತು ನಿಯಮದ ಹಾಳೆಯನ್ನು ಗುರುತಿಲ್ಲದ ನಾಲ್ಕು ಜನರ ಮುಂದಿಟ್ಟು, ನೀವು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಒಬ್ಬ ಕಾರ್ಡ್ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸುತ್ತಾನೆ. ಇನ್ನೊಬ್ಬಳು ಒಂದೇ ಪ್ಯಾರಾವನ್ನು ಎರಡು ಸಲ ಓದಿ, ‘ಬಿಡು, ಹೀಗೇ ಇರಬೇಕು’ ಎಂದು ತಪ್ಪಾಗಿ ಆಡಿಬಿಡುತ್ತಾಳೆ. ಅಲ್ಲಿಂದ ಆಟ ಪೂರ್ತಿ ಹಳಿ ತಪ್ಪುತ್ತದೆ. ಹೊಟ್ಟೆ ಉರಿಯುತ್ತದೆ, ಆದರೂ ಸುಮ್ನಿರಬೇಕು. ಆ ಪ್ಯಾರಾ ಸರಿ ಇಲ್ಲ ಎಂದು ನಿಮ್ಮ ಮನೆಯವರು ಯಾವತ್ತೂ ಹೇಳಲಾರರು, ಅವರಿಗೆ ಅದನ್ನು ಓದುವ ಅಗತ್ಯವೇ ಬಂದಿಲ್ಲ. ಯಾರು ಯಾವಾಗ ಫೋನ್ ತೆಗೆದರು, ಎಲ್ಲಿ ನಕ್ಕರು, ಇದನ್ನು ಬರೆದುಕೊಳ್ಳಿ. ‘ಇದಕ್ಕೊಂದು ಡ್ರ್ಯಾಗನ್ ಸೇರಿಸಿ’ ಎಂಬ ಸಲಹೆಗಳನ್ನು ನಗುತ್ತಾ ಕೇಳಿಸಿಕೊಂಡರೆ ಸಾಕು. ಆಟಗಾರರು ನೋವು ಇರುವ ಜಾಗ ಸರಿಯಾಗಿ ತೋರಿಸುತ್ತಾರೆ, ಔಷಧಿ ಮಾತ್ರ ಬಹಳ ಸಲ ತಪ್ಪು ಹೇಳುತ್ತಾರೆ.

ಅಪರಿಚಿತರು ಎಲ್ಲಿ ಸಿಗುತ್ತಾರೆ ಅಂತೀರಾ? ನಿಮ್ಮಂಥ ಬೇರೆ ಡಿಸೈನರ್‌ಗಳಿಗೂ ಇದೇ ಹಸಿವು. ಅವರ ಆಟ ನೀವು ಆಡಿ, ನಿಮ್ಮದನ್ನು ಅವರು ಆಡಲಿ. ಟೇಬಲ್‌ಟಾಪ್ ಸಿಮ್ಯುಲೇಟರ್‌ನಂಥ ಸಾಫ್ಟ್‌ವೇರ್‌ನಲ್ಲಿ ದೂರದವರ ಜೊತೆ ಕೂತೂ ಆಡಿಸಬಹುದು. ಒಂದು ಅಂಕಿ ಬದಲಾದಾಗಲೆಲ್ಲ ಕತ್ತರಿ ಹಿಡಿದು ಕಾರ್ಡ್ ಕವರ್‌ಗೆ ಹೊಸ ಚೀಟಿ ತುರುಕುವುದೂ ತಪ್ಪುತ್ತದೆ.

ನೀವು ಈಗ ‘ಜರ್ಮನಿಯ ಡಿಸೈನರ್ ಕ್ಲಾಸ್ ಟೊಯ್ಬರ್ ಮನೆಯವರ ಜೊತೆಯೇ ಆಡಿ ಕತಾನ್ ಎಂಬ ಹೆಸರಾಂತ ಬೋರ್ಡ್ ಗೇಮ್ ಮಾಡಲಿಲ್ವಾ?’ ಎನ್ನಬಹುದು. ಮಾಡಿದರು, ನಿಜ. ಆದರೆ ಅವರಿಗೆ ಆಗ ಕೃತಕ ಹಲ್ಲು ತಯಾರಿಸುವ ಲ್ಯಾಬ್ ಇತ್ತು. ಆಟ ದಿನದ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. 1995ರಲ್ಲಿ ಕತಾನ್ ಬಂದು ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆದ ಮೇಲೂ ಅವರು ಕೆಲವು ವರ್ಷ ಆ ಲ್ಯಾಬ್ ಬಿಡಲಿಲ್ಲ. ನಿಮ್ಮ ಮೇಜಿನ ಮೇಲಾದರೋ ಆಟದ ಜೊತೆ ಮನೆಯ ಅನ್ನವೂ ಕೂತಿದೆ. ಆ ಭಾರ ಹನ್ನೊಂದು ವರ್ಷದ ಹುಡುಗಿಗೂ ತಾಗುತ್ತಿರಬಹುದು.

ಹಾಗಾಗಿ ಮನೆಯ ಮೇಜಿನ ಮೇಲೆ ಇನ್ನು ನಿಮ್ಮ ಪ್ರೊಟೊಟೈಪ್, ಅಂದರೆ ಇನ್ನೂ ಮುಗಿಯದ ಆಟದ ಮಾದರಿ, ಬೇಡ. ಬೇರೆಯವರು ಮಾಡಿದ, ಮುಗಿದ ಆಟ ಮಾತ್ರ. ಯಾವುದೆಂದು ಮಗಳು ಆರಿಸಲಿ, ನಿಯಮವನ್ನೂ ಅವಳೇ ವಿವರಿಸಲಿ. ಮೊದಲ ಕೆಲವು ವಾರ ಕಷ್ಟ. ಬೇರೆಯವರ ಆಟದಲ್ಲೂ ನಿಮಗೆ ‘ಈ ಕಾರ್ಡಿಗೆ ಬಲ ಜಾಸ್ತಿ ಆಯ್ತು’ ಎಂದು ಕಾಣುತ್ತಲೇ ಇರುತ್ತದೆ. ಕಾಣಲಿ, ಹೇಳಬೇಡಿ. ಮುಂದೊಂದು ದಿನ ಅವಳೇ ‘ಅಪ್ಪಾ, ನಿನ್ನ ಆಟ ಎಲ್ಲಿಗೆ ಬಂತು, ತೋರಿಸು’ ಎಂದರೆ ಸಂತೋಷವಾಗಿ ತೋರಿಸಿ, ಒಂದು ಸಲ ಆಡಿ. ಆಗಲೂ ಪೆನ್ನು ಬೇರೆ ಕೋಣೆಯಲ್ಲಿರಲಿ. ಅವಳು ಮಲಗಿದ ಮೇಲೆ ನೆನಪಿದ್ದಷ್ಟು ಬರೆದುಕೊಳ್ಳಿ, ನಾನೇನು ನೋಡಲು ಬರುವುದಿಲ್ಲ.

ದೊಡ್ಡ ಆಟದ ಬಗ್ಗೆ ಒಂದು ಅನುಮಾನ. ಬರೀ ಅಂಕಿ ತಿದ್ದುತ್ತಾ ಇದ್ದೀರಿ ಎಂದರೆ, ತೊಂದರೆ ಅಂಕಿಯಲ್ಲಿ ಇಲ್ಲದಿರಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು. ಮೂರು ಬೇರೆ ಬೇರೆ ಗುಂಪುಗಳ ಮುಂದಿಡಿ. ಮುಗಿದ ಕೂಡಲೇ ‘ಇನ್ನೊಂದು ಸಲ ಆಡೋಣ’ ಎಂದು ಯಾರೂ ಅನ್ನದಿದ್ದರೆ ಡ್ರಾಯರ್‌ಗೆ ಹಾಕಿ, ಬೇರೆಯದನ್ನು ಶುರುಮಾಡಿ. ಅದರ ಒಳ್ಳೆಯ ಭಾಗ ಯಾವುದಾದರೂ ಮುಂದಿನ ಆಟಕ್ಕೆ ಬಂದೇ ಬರುತ್ತದೆ.

ಈಗ ಹಳೇ ಕೆಲಸದ ಮಾತು. ಮನೆ ಖರ್ಚು ಹೇಗೆ ನಡೆಯುತ್ತಿದೆ ಎಂದು ನೀವು ಒಂದು ಸಾಲೂ ಬರೆದಿಲ್ಲ. ನನಗೆ ಅದೇ ಎದ್ದು ಕಂಡದ್ದು. ಡಿಸೈನರ್‌ಗೆ ಸಿಗುವ ರಾಯಲ್ಟಿ ಸಾಮಾನ್ಯವಾಗಿ ಶೇ 5ರಿಂದ 8ರ ಆಸುಪಾಸು. ಅದೂ ಹೆಚ್ಚಾಗಿ ಪ್ರಕಾಶಕರ ಕೈಗೆ ಬಂದ ಹಣದ ಮೇಲೆ, ಅಂಗಡಿಯ ಬೆಲೆಯ ಮೇಲಲ್ಲ. ನಾಳೆಯೇ ಸಹಿ ಬಿದ್ದರೂ ಚಿತ್ರ, ತಯಾರಿಕೆ, ಸಾಗಣೆ ಎಲ್ಲ ಮುಗಿದು ಆಟ ಅಂಗಡಿಗೆ ಬರಲು ಒಂದೆರಡು ವರ್ಷ ಹಿಡಿಯುವುದು ಮಾಮೂಲು. ನಿಮ್ಮ ಹೆಂಡತಿ ತಪ್ಪಿಸಿಕೊಳ್ಳುತ್ತಿರುವುದು ಆಟದಿಂದಲೋ, ಈ ಲೆಕ್ಕದಿಂದಲೋ? ಕೇಳಿ ನೋಡಿದ್ದೀರಾ?

ವಾರದಲ್ಲಿ ಎರಡು ಮೂರು ದಿನ ಹಳೇ ಕೆಲಸ ಮಾಡಿದರೆ ಸೋತಂತೆ ಆಗುವುದಿಲ್ಲ. ಪ್ಯಾಂಡೆಮಿಕ್ ಎಂಬ ಹೆಸರಾಂತ ಬೋರ್ಡ್ ಗೇಮ್ ಮಾಡಿದ ಮ್ಯಾಟ್ ಲೀಕಾಕ್ ಅವರ ಆ ಆಟ ಬಂದಿದ್ದು 2008ರಲ್ಲಿ. ಅವರು ನೌಕರಿ ಬಿಟ್ಟು ಪೂರ್ಣಾವಧಿ ಡಿಸೈನರ್ ಆದದ್ದು 2014ರಲ್ಲಿ. ಅಷ್ಟು ಹೆಸರು ಮಾಡಿದವರೇ ಅಷ್ಟು ವರ್ಷ ಕಾದರು. ತಿಂಗಳ ಖರ್ಚಿನ ಒಂದು ಭಾಗ ಬೇರೆ ಕಡೆಯಿಂದ ಬರುತ್ತಿದ್ದರೆ, ಪ್ರಕಾಶಕರ ಒಂದು ‘ಬೇಡ’ ನಿಮ್ಮನ್ನು ಈಗಿನಷ್ಟು ಕುಗ್ಗಿಸಲಾರದು.

ಈ ವಾರ ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಹೆಂಡತಿಯ ಜೊತೆ ಕೂತುಕೊಳ್ಳಿ. ಮೊದಲ ಆಟದಿಂದ ಇಲ್ಲಿಯವರೆಗೆ ಬಂದದ್ದೆಷ್ಟು, ಉಳಿತಾಯ ಇನ್ನೆಷ್ಟು ತಿಂಗಳಿಗೆ ಸಾಕು, ಎರಡನ್ನೂ ಹಾಳೆಯ ಮೇಲೆ ಬರೆದು ತೋರಿಸಿ. ಹೀಗೇ ಯಾವ ತಿಂಗಳವರೆಗೆ ನಡೆಸಬಹುದು, ಅದಾದ ಮೇಲೆ ಅರೆಕಾಲಿಕ ಕೆಲಸ ಹಿಡಿಯುವುದು ಯಾವಾಗ ಎಂದು ನಿರ್ಧರಿಸಿ. ಆ ದಿನಾಂಕವನ್ನು ಅವರೇ ಆರಿಸಲಿ.