ಆ್ಯಂಡ್ರೊಮಿಡಾ ಫೋಟೋಕ್ಕ ಲಕ್ಷ ರೂಪಾಯಿ ಟೆಲಿಸ್ಕೋಪ್ ಬೇಕೇನ್ರಿ?

ಪ್ರಶ್ನೆ: ನಮ್ಮೂರು ಮುಂಡರಗಿ ಹತ್ರ ಐತ್ರಿ. ದೀಪಾವಳಿ ಆದಮ್ಯಾಲೆ ಹೊಲದಾಗ ಟ್ರೈಪಾಡ್ ಇಟ್ಟು ಆ್ಯಂಡ್ರೊಮಿಡಾ ಗ್ಯಾಲಕ್ಸಿ ಫೋಟೋ ಹೊಡದೆ, ಕ್ಯಾಮೆರಾ ಜೋಡಿ ಬಂದ ಲೆನ್ಸು 55 ಎಂಎಂಕ್ಕ ಇಟ್ಟು 30 ಸೆಕೆಂಡು. ಚುಕ್ಕಿ ಎಲ್ಲಾ ಗೆರಿ ಆಗ್ಯಾವ, ಗ್ಯಾಲಕ್ಸಿ ಜಾಗದಾಗ ಪಾಟಿ ಒರಸಿದಂಗ ಒಂದು ಮಬ್ಬು ಕಲಿ. ಅಂಗಡ್ಯಾಂವ ಲಕ್ಷ ರೂಪಾಯಿ ಟೆಲಿಸ್ಕೋಪ್ ಇಲ್ದ ಆಗಂಗಿಲ್ಲ ಅಂತಾನ, ಖರೇನ್ರಿ?
– ಒಬ್ಬ ಓದುಗ, ಗದಗ ಜಿಲ್ಲಾ

ಉತ್ತರ: ರೊಕ್ಕ ಕಿಸೇದಾಗ ಇರ್ಲಿ ತಡೀರಿ. ಆ ಮಬ್ಬು ಕಲಿನ ಗ್ಯಾಲಕ್ಸಿ! 25 ಲಕ್ಷ ವರ್ಷ ಹಾದಿ ನಡದು ಬಂದ ಬೆಳಕು ನಿಮ್ಮ ಹೊಲದಾಗ ಸಿಕ್ಕೇತಿ. ಆ್ಯಂಡ್ರೊಮಿಡಾ ಸಣ್ಣದಲ್ರಿ, ಆಕಾಶದಾಗ ಆರು ಹುಣ್ಣಿಮಿ ಚಂದ್ರನ್ನ ಸಾಲಾಗಿ ಇಟ್ಟಷ್ಟು ಉದ್ದ ಐತಿ, ಅದಕ್ಕ ಕಮ್ಮಿ ಬಿದ್ದಿದ್ದು ದೊಡ್ಡದು ಮಾಡಿ ತೋರ್ಸೋ ಕನ್ನಡಿ ಅಲ್ಲ, ಬೆಳಕು.

ಗೆರಿ ಯಾಕ ಬಂತು ಅಂದ್ರ ಭೂಮಿ ತಿರಗತೈತಲ್ರಿ, ಆ 30 ಸೆಕೆಂಡಿನಾಗ ಆ ಭಾಗದ ಆಕಾಶ ಚಂದ್ರನ ಅಗಲದ ಹೆಚ್ಚುಕಮ್ಮಿ ಐದನೇ ಒಂದು ಪಾಲು ಸರದಿರತೈತಿ. ಐದು ಸೆಕೆಂಡಿಗೆ ನಿಲ್ಲಿಸ್ರಿ, ಐಎಸ್‌ಒ 1600 (ಸೆನ್ಸರಿನ ಚುರುಕು), ರಾ ಫೈಲು (ಕ್ಯಾಮೆರಾ ತಿದ್ದದ ಹಸಿ ಫೋಟೋ), ಆದ್ರ ಒಂದಲ್ಲ, ಮುನ್ನೂರು ಫೋಟೋ ತಗೀರಿ, ನಡುನಡುವ ಗ್ಯಾಲಕ್ಸಿ ಚೌಕಟ್ಟಿನ ನಡುಕ್ಕ ಬರೂಹಂಗ ಕ್ಯಾಮೆರಾ ಸರಿಸ್ಕೋತ ಇರ್ರಿ, ಕೊನೀಗೆ ಲೆನ್ಸಿಗೆ ಮುಚ್ಚಳ ಹಾಕಿ ಅದ ಸೆಟ್ಟಿಂಗಿನಾಗ ಒಂದು ಇಪ್ಪತ್ತು ಕರೀ ಫೋಟೋನೂ ಹೊಡ್ಕೋರಿ, ಸೆನ್ಸರಿನ ಸ್ವಂತ ಕಲಿ ಕಳ್ಯಾಕ ಬೇಕಾಗತಾವ. ಎಲ್ಲಾ ಡೀಪ್ ಸ್ಕೈ ಸ್ಟ್ಯಾಕರ್ ಇಲ್ಲಾ ಸಿರಿಲ್ ಸಾಫ್ಟ್‌ವೇರಿಗೆ ಹಾಕಿದ್ರ, ಎರಡೂ ಪುಕ್ಕಟೆ, ಒಂದರ ಮ್ಯಾಲೆ ಒಂದು ಕೂಡಿಸಿ ಕೊಡ್ತಾವ. ನೂರು ಫೋಟೋ ಕೂಡಿಸಿದ್ರ ಕಾಳು-ಕಾಳು ನಾಯ್ಸ್ ಹತ್ತನೇ ಒಂದು ಪಾಲಿಗೆ ಇಳೀತೈತಿ.

ರೊಕ್ಕ ಹಾಕಬೇಕಂದ್ರ 50 ಎಂಎಂ, ಎಫ್ 1.8 ಲೆನ್ಸಿಗೆ ಹಾಕ್ರಿ, ಎಫ್ ಅಂಕಿ ಸಣ್ಣದಾದಷ್ಟು ಲೆನ್ಸಿನ ಬಾಯಿ ದೊಡ್ಡದು. ಬಾಯಿ ಪೂರ್ತಿ ತಗದ್ರ ಅಂಚಿನ ಚುಕ್ಕಿಗೆ ರೆಕ್ಕಿ ಮೂಡತಾವ, 2.8ಕ್ಕ ಇಡ್ರಿ, ಆದ್ರೂ ನಿಮ್ಮ ಈಗಿನ ಲೆನ್ಸಿಗಿಂತ ನಾಕು ಪಟ್ಟು ಬೆಳಕು.

ಫೋಕಸ್ ಮಾತ್ರ ಹುಷಾರ್. ನಾ ಒಮ್ಮೆ ಕಪ್ಪತಗುಡ್ಡದ ಬುಡಕ್ಕ ಹೋಗಿ ಲೆನ್ಸ್ ಮ್ಯಾಲಿನ ಇನ್ಫಿನಿಟಿ ಗುರ್ತು ನಂಬಿ, ಗಾಳಿಗೆ ಟ್ರೈಪಾಡಿಗೆ ಕಲ್ಲಿನ ಚೀಲ ಕಟ್ಟಿ, ರಾತ್ರಿ ಎರಡು ತಾಸು ಕುಂತು ತಗದಿದ್ದೆಲ್ಲಾ ಮುಂಜಾನೆ ನೋಡಿದ್ರ ಚುಕ್ಕಿ ಒಂದೊಂದೂ ಹಪ್ಪಳ ಆಗಿತ್ತು. ಲೈವ್ ವ್ಯೂದಾಗ (ಕ್ಯಾಮೆರಾ ಹಿಂದಿನ ಪರದೆ ಮ್ಯಾಲೆ) ದೊಡ್ಡ ಚುಕ್ಕಿ ಹತ್ತು ಪಟ್ಟು ಝೂಮ್ ಮಾಡಿ, ಅದು ಸೂಜಿ ಮೊನಿಯಷ್ಟು ಆಗೂತನ ಕೈಲೆ ತಿರುವ್ರಿ.

ಲಿವರ್‌ಪೂಲ್ ಹತ್ರ ಐಸಾಕ್ ರಾಬರ್ಟ್ಸ್ ಅಂತ ಇದ್ದ, ಉದ್ಯೋಗ ಕಟ್ಟಡ ಕಂತ್ರಾಟ, ಚುಕ್ಕಿ ನೋಡೋದು ಹವ್ಯಾಸ. 1888ರ ಡಿಸೆಂಬರ್‌ದಾಗ ತಾಸುಗಟ್ಟಲೆ ಬೆಳಕು ಕೂಡಿಸೇ ಆ್ಯಂಡ್ರೊಮಿಡಾದ ಸುರುಳಿ ಆಕಾರ ಫೋಟೋದಾಗ ತೋರಿಸಿದ್ದ. ಅವನ ಹತ್ರ 20 ಇಂಚಿನ ಟೆಲಿಸ್ಕೋಪ್ ಇತ್ತು ಅಂತ ಅಂಗಡ್ಯಾಂವ ವಾದ ಹಾಕಬಹುದು, ಹಾಕ್ಲಿ, ಅವಂಗ ನಿಮ್ಮ ಕ್ಯಾಮೆರಾದಂಥ ಸೆನ್ಸರ್ ಇದ್ದಿದ್ದಿಲ್ಲ.

ಇನ್ನ ಯಾವಾಗ ಅಂದ್ರ ಎಳ್ಳಮಾಸಿಗೆ ಚರಗಾ ಚೆಲ್ಲಾಕ ಹೆಂಗೂ ಹೊಲಕ್ಕ ಹೋಗ್ತೀರಲ್ಲ, ಉಂಡು ಅಲ್ಲೇ ಉಳೀರಿ. ಚಂದ್ರ ಇರಂಗಿಲ್ಲ, ಸಂಜಿ ಏಳಕ್ಕ ಆ್ಯಂಡ್ರೊಮಿಡಾ ಉತ್ತರಕ್ಕ ಎತ್ತರದಾಗ ಇರತೈತಿ.

ಪ್ರಶ್ನೆ: ಚುಕ್ಕಿ ಸರದಂಗ ಕ್ಯಾಮೆರಾ ತಿರುಗಿಸೋ ಟ್ರ್ಯಾಕರ್ ತಗೊಂಡೇನ್ರಿ, ಅದನ್ನ ಗುರಿ ಇಡಾಕ ಬೇಕಾದ ಧ್ರುವ ನಕ್ಷತ್ರನ ಸಿಗವಲ್ದು.
– ಒಬ್ಬ ಓದುಗಿ, ಹಾವೇರಿ

ಉತ್ತರ: ಭಾಳ ಮ್ಯಾಲೆ ಹುಡುಕಾಕತ್ತೀರಿ ಅಕ್ಕಾರ. ನಮ್ಮ ಕಡೆ ಅದು ಉತ್ತರ ದಿಗಂತದಿಂದ ಬರೇ 15 ಡಿಗ್ರಿ ಮ್ಯಾಲೆ, ಕೈ ಚಾಚಿ ಮುಷ್ಟಿ ಹಿಡದ್ರ ಒಂದೂವರಿ ಮುಷ್ಟಿ ಅಷ್ಟ. ಮತ್ತ ಮಂದಿ ತಿಳಕೊಂಡಂಗ ಅದು ಆಕಾಶದಾಗಿನ ಎಲ್ಲಕ್ಕಿಂತ ಝಗಝಗ ಚುಕ್ಕಿ ಅಲ್ಲ, ಸಾಧಾರಣ ಐತಿ. ಬಾಜೂ ಮನಿ ತೆಂಗಿನ ಗಿಡ ಅಡ್ಡ ಬಂದಿರಬೇಕು, ಟ್ರೈಪಾಡ್ ಮಾಳಿಗಿ ಮ್ಯಾಲೆ ಒಯ್ರಿ.