ಮಗಳಿಗೆ ಕಿಮೋನೊ ಉಡಿಸ್ಬಹುದಾ ಅಂತ ಕೇಳಿದ್ರಲ್ಲ

ನಮಸ್ಕಾರ ಮೇಡಂ, ಟೋಕಿಯೋಗೆ ಬಂದು ಇನ್ನೂ ವರ್ಷ ಆಗಿಲ್ಲ, ಮಗಳಿಗೆ 18, ಅವಳ ಕ್ಲಾಸಿನ ಹುಡ್ಗೀರೆಲ್ಲ ಸೇಜಿನ್ ಶಿಕಿಗೆ, ಅಂದ್ರೆ ಮಕ್ಕಳು ವಯಸ್ಕರಾದ್ರು ಅಂತ ಇಲ್ಲಿ ಮಾಡೋ ಸಮಾರಂಭಕ್ಕೆ, ಈಗ್ಲೇ ಫುರಿಸೋದೆ ಅನ್ನೋ ಕಿಮೋನೊ ನೋಡ್ತಿದಾರೆ, ನಮ್ಮವಳು ಉಟ್ರೆ ಇಲ್ಲಿನವ್ರು ಏನಂದ್ಕೋತಾರೋ ಅಂತ ಬರ್ದಿದೀರಿ. ಅವಳಿಗೆ ಆಸೆ ಇದ್ರೆ ಖಂಡಿತ ಉಡ್ಸಿ. ನನ್ನ ಮಗಳು ಉಟ್ಟಾಗ ಪಕ್ಕದ್ಮನೆ ಅಜ್ಜಿ ಅವಳನ್ನ ಸುತ್ತ ತಿರುಗ್ಸಿ ತಿರುಗ್ಸಿ ನೋಡಿ ಓಬಿ (ಸೊಂಟಕ್ಕೆ ಸುತ್ತೋ ಅಗಲ ಪಟ್ಟಿ) ಗಂಟು ಸರಿ ಮಾಡಿ ಕಳ್ಸಿದ್ರು, ಅಷ್ಟು ಖುಷಿ ಅವ್ರಿಗೆ.

ಹಬ್ಬ ಜನವರಿ ಎರಡನೇ ಸೋಮವಾರ. 2022ರ ಏಪ್ರಿಲ್‌ನಿಂದ ಕಾನೂನಲ್ಲಿ 18ಕ್ಕೇ ದೊಡ್ಡವ್ರು, ಆದ್ರೂ ಹೆಚ್ಚಿನ ಊರುಗಳಲ್ಲಿ ಸಮಾರಂಭ ಮಾತ್ರ 20ರವ್ರಿಗೇ ಮಾಡ್ತಾರೆ, ಯಾಕಂದ್ರೆ 18ರ ಮಕ್ಕಳಿಗೆ ಜನವರಿ ಅಂದ್ರೆ ಯೂನಿವರ್ಸಿಟಿ ಎಂಟ್ರೆನ್ಸ್ ಪರೀಕ್ಷೆ ತಲೆ ಮೇಲೆ ಕೂತಿರತ್ತೆ. ಸೋ ನಿಮ್ಗೆ ಟೈಮ್ ಇದೆ. ಅಡ್ರೆಸ್ ರಿಜಿಸ್ಟರ್ ಆಗಿರೋ ಫಾರಿನರ್ಸ್ ಮಕ್ಕಳಿಗೂ ಸಾಮಾನ್ಯವಾಗಿ ಕರೆಯೋಲೆ ಬರತ್ತೆ, ಬರ್ಲಿಲ್ಲ ಅಂದ್ರೆ ಕುಯಾಕುಶೋದಲ್ಲಿ, ಅಂದ್ರೆ ನಿಮ್ಮ ವಾರ್ಡ್ ಆಫೀಸಲ್ಲಿ, ಕೇಳಿ.

ಫುರಿಸೋದೆ ಅಂದ್ರೆ ಆ ಉದ್ದ ತೋಳಿಂದು, ಮದುವೆ ಆಗ್ದಿರೋ ಹುಡ್ಗೀರು ಉಡೋದು. ನನ್ ಕೇಳಿದ್ರೆ ಕೊಂಡ್ಕೋಬೇಡಿ, ಬಾಡಿಗೆಗೆ ತಗೊಳಿ, ಅದೂ ಅಗ್ಗ ಏನಲ್ಲ. ಆದ್ರೆ ಬಟ್ಟೆಗಿಂತ ಮುಂಚೆ ಉಡ್ಸೋರನ್ನ ಬುಕ್ ಮಾಡಿ ಮೇಡಂ! ನಮ್ ಸೀರೆ ಥರ ಅಮ್ಮ ಅರ್ಧ ಗಂಟೇಲಿ ಉಡ್ಸಿ ಕಳ್ಸೋ ಹಾಗಲ್ಲ ಇದು, ಸೊಂಟಕ್ಕೆ ಟವೆಲ್ ಸುತ್ತಿ ಮೈ ನೇರ ಮಾಡಿ ಒಳಗೆ ಹಗ್ಗದ ಮೇಲೆ ಹಗ್ಗ ಕಟ್ಟಿ ಆಮೇಲೆ ಓಬಿ, ಅವತ್ತು ಸಲೂನ್‌ಗಳಲ್ಲಿ ಬೆಳಗಿನ ಜಾವದಿಂದ್ಲೇ ಕ್ಯೂ ಇರತ್ತೆ, ಲೇಟಾಗಿ ಕೇಳಿದ್ರೆ ಸಿಗೋದು ಬೆಳಗಿನ ಜಾವ ನಾಲ್ಕೋ ಐದೋ ಗಂಟೆ ಸ್ಲಾಟು. ಕೂದಲು ಮೊದ್ಲೇ ಕಟ್ಟಿಬಿಡ್ತಾರೆ, ಅದಕ್ಕೆ ಮುಂದೆ ಬಟನ್ ಇರೋ ಶರ್ಟ್ ಹಾಕ್ಸಿ ಕರ್ಕೊಂಡ್ಹೋಗಿ, ತಲೆ ಮೇಲಿಂದ ತೆಗಿಯೋ ಟೀಶರ್ಟ್ ಬೇಡ್ವೇ ಬೇಡ. ಉಟ್ಟವರ ಎಡಗಡೆ ಅಂಚು ಯಾವಾಗ್ಲೂ ಮೇಲೆ ಬರ್ಬೇಕು, ಬಲಗಡೇದು ಮೇಲೆ ಬರೋ ಹಾಗೆ ಉಡ್ಸೋದು ತೀರಿಕೊಂಡವರಿಗೆ, ಮನೇಲಿ ಫೋಟೋಗೆ ಅಂತ ನೀವೇ ಉಡ್ಸಿದ್ರೂ ಇದೊಂದು ನೆನಪಿರ್ಲಿ.

ಸೀರೇಲೇ ಕಳ್ಸಿದ್ರೂ ತಪ್ಪಿಲ್ಲ, ಅವರವರ ದೇಶದ ಬಟ್ಟೇಲಿ ಬರೋ ಮಕ್ಕಳೂ ಇರ್ತಾರೆ. ಆದ್ರೆ ಜನವರಿ ಚಳಿ, ಒಳಗೆ ಬೆಚ್ಚಗಿರೋದು ಹಾಕ್ಸಿ. ಎರಡೂ ಬೇಕು ಅಂದ್ರೆ ಮಾಎದೊರಿ ಅಂತ ತಿಂಗಳುಗಟ್ಲೆ ಮುಂಚೇನೇ ಸ್ಟುಡಿಯೋದಲ್ಲಿ ಫೋಟೋ ತೆಗೆಸ್ತಾರೆ, ಅಲ್ಲೇ ಮೈಸೂರ್ ಸಿಲ್ಕ್ ಸೀರೇಲೂ ಒಂದೆರಡು ತೆಗಿತೀರಾ ಅಂತ ಬುಕ್ ಮಾಡುವಾಗ್ಲೇ ಕೇಳಿ, ಊರಲ್ಲಿ ಅಜ್ಜಿ ತಾತಂಗೆ ಕಳ್ಸೋಕಾಗತ್ತೆ. ಅವಳ ಬ್ಯಾಗಲ್ಲಿ ಬಟ್ಟೆ ಒಣಗ್ಸೋ ದೊಡ್ಡ ಕ್ಲಿಪ್ ಎರಡು ಹಾಕಿರಿ, ಟಾಯ್ಲೆಟ್‌ಗೆ ಹೋದಾಗ ಆ ಉದ್ದ ತೋಳು ಎತ್ತಿ ಸಿಕ್ಕಿಸ್ಕೊಳೋಕೆ ಬೇಕೇ ಬೇಕು.