ಅಡಿಗರ ಕಾವ್ಯದ ಮೇಲೆ ಪ್ರಬಂಧ: ಎಲಿಯಟ್ ಬಿಟ್ಟು ಎಲ್ಲಿಂದ ಶುರು ಮಾಡುವುದು?

ಎಂ.ಎ. ಪ್ರಬಂಧಕ್ಕೆ ಗೋಪಾಲಕೃಷ್ಣ ಅಡಿಗರನ್ನು ಆರಿಸಿಕೊಂಡಿದ್ದೀರಿ, ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್‌ನ ‘ಪ್ರಭಾವ’ದ ಆಚೆ ಹೇಳುವುದಕ್ಕೆ ಏನಾದರೂ ಉಳಿದಿದೆಯೇ ಅಂತ ಕೇಳಿದ್ದೀರಿ. ಬೇಕಾದಷ್ಟಿದೆ. ಅರ್ಥವನ್ನು ಸ್ವಲ್ಪ ಪಕ್ಕಕ್ಕಿಟ್ಟು ಲಯದಿಂದ ಶುರು ಮಾಡಿ. ನವ್ಯರು (ಹಳೆಯ ಕಾವ್ಯಮಾರ್ಗ ಬಿಟ್ಟು ಹೊಸ ದಾರಿ ಹಿಡಿದ ಆಧುನಿಕ ಕವಿಗಳು, ಅಡಿಗರೂ ಅವರಲ್ಲೊಬ್ಬರು) ಛಂದಸ್ಸನ್ನು ಕೈಬಿಟ್ಟರು ಅನ್ನುವ ಮಾತು ಅಡಿಗರ ಮಟ್ಟಿಗಂತೂ ನಿಲ್ಲುವುದಿಲ್ಲ.

ಎರಡು ಸಾಲು ನೋಡಿ. ಮೊದಲನೆಯದು 1948ರ ‘ಕಟ್ಟುವೆವು ನಾವು’ ಕಾಲದ್ದು. ಎರಡನೆಯದು 1959ರ ‘ಭೂಮಿಗೀತ’ ಸಂಕಲನದ ‘ಭೂತ’ ಪದ್ಯದ ಮೊದಲ ಸಾಲು. ಪ್ರಸ್ತಾರ ಹಾಕಿದರೆ, ಅಂದರೆ ಮಾತ್ರೆ (ಉಚ್ಚಾರದ ಕಾಲದ ಅಳತೆ) ಎಣಿಸಿ ಸಾಲನ್ನು ಗಣಗಳೆಂಬ ತುಂಡುಗಳಾಗಿ ಒಡೆದರೆ, ಹೀಗಾಗುತ್ತದೆ:

ಕಟ್ಟುವೆವು | ನಾವು ಹೊಸ | ನಾಡೊಂದ | ನು

ಕಾಡುತಿವೆ | ಭೂತಕಾ | ಲದ ಭ್ರೂ | ಣಗೂಢಗ | ಳು

ಎರಡೂ ಐದು ಮಾತ್ರೆಯ ಗಣಗಳೇ, ಕೊನೆಯಲ್ಲಿ ಒಂದಕ್ಷರದ ಅಪೂರ್ಣ ಗಣ. ಅಂದರೆ ನವ್ಯಕ್ಕೆ ಹೊರಳಿದ ಮೇಲೂ ಅಡಿಗರು ಹಳೆಯ ಲಯವನ್ನು ಬಿಟ್ಟಿಲ್ಲ. ಬದಲಾದದ್ದು ಪದಕ್ಕೂ ಗಣಕ್ಕೂ ಇರುವ ಸಂಬಂಧ. ಮೊದಲ ಸಾಲಿನಲ್ಲಿ, ಕೊನೆಯ ‘ನು’ ಒಂದನ್ನು ಬಿಟ್ಟರೆ, ಪದ ಮುಗಿದಲ್ಲೇ ಗಣವೂ ಮುಗಿಯುತ್ತದೆ, ಹೆಜ್ಜೆ ಹಾಕಿ ಹಾಡಬಹುದು. ಎರಡನೆಯದರಲ್ಲಿ ‘ಕಾಲ’ ಒಡೆಯುತ್ತದೆ, ‘ಭ್ರೂಣ’ ಒಡೆಯುತ್ತದೆ. ಮಾತು ಒಂದು ಕಡೆ ಎಳೆದರೆ ತಾಳ ಇನ್ನೊಂದು ಕಡೆ ಎಳೆಯುತ್ತದೆ. ‘ಕಾಡುವುದು’ ಕಿವಿಗೆ ಕೇಳುವುದು ಅಲ್ಲಿ.

ಇಲ್ಲಿ ಸಾಮಾನ್ಯವಾಗಿ ಎಡವುವುದು ‘ಲದ ಭ್ರೂ’ ಗಣದಲ್ಲಿ. ‘ದ’ವನ್ನು ಲಘು (ಒಂದು ಮಾತ್ರೆ) ಅಂದುಕೊಂಡರೆ ನಾಲ್ಕೇ ಮಾತ್ರೆ ಸಿಗುತ್ತದೆ, ‘ಲಯ ಭಂಗವಾಗಿದೆ’ ಅಂತ ಬರೆದುಬಿಡುತ್ತಾರೆ. ಮುಂದೆ ಒತ್ತಕ್ಷರ ಇರುವುದರಿಂದ ಅದು ಗುರು (ಎರಡು ಮಾತ್ರೆ). ಗಟ್ಟಿಯಾಗಿ ಓದಿದರೆ ನಾಲಿಗೆಗೇ ಗೊತ್ತಾಗುತ್ತದೆ. ಇನ್ನೊಂದು ಅಪಾಯ, ಒಂದೇ ಸಾಲು ಹಿಡಿದು ತೀರ್ಪು ಕೊಡುವುದು. ‘ಕಟ್ಟುವೆವು’ ಪದ್ಯದಲ್ಲೇ ಮುಂದಿನ ತುಣುಕು ‘ರಸದ ಬೀ | ಡೊಂದನು’ ಅಂತ ಒಡೆಯುತ್ತದೆ. ಹಾಗಾಗಿ ಎರಡೂ ಘಟ್ಟದಿಂದ ಕನಿಷ್ಠ ಇಪ್ಪತ್ತಿಪ್ಪತ್ತು ಸಾಲು ಕೈಯಲ್ಲಿ ಬರೆದು, ಗಣದ ಗೆರೆ ಎಷ್ಟು ಕಡೆ ಪದದ ನಡುವೆ ಬೀಳುತ್ತದೆ ಅಂತ ಎಣಿಸಿ. ಹೆಚ್ಚು ಕಡಿಮೆ ಎಷ್ಟಾದರೂ ಬರಲಿ, ನಿಮ್ಮ ಹತ್ತಿರ ಸ್ವಂತದ ಆಧಾರ ಇರುತ್ತದೆ. ಅಂತರ್ಜಾಲದಲ್ಲಿ ಸಿಗುವ ಪಾಠ ನಂಬಬೇಡಿ, ಸಾಲುಗಳು ಎಲ್ಲೆಂದರಲ್ಲಿ ಮುರಿದಿರುತ್ತವೆ. ‘ಸಮಗ್ರ ಕಾವ್ಯ’ವನ್ನೇ ಎದುರಿಗಿಟ್ಟುಕೊಳ್ಳಿ.

ಆಮೇಲೆ ಅರ್ಥಕ್ಕೆ ಬನ್ನಿ. ‘ಭೂತ’ ಅಂದರೆ ದೆವ್ವವೂ ಹೌದು, ಕಳೆದ ಕಾಲವೂ ಹೌದು ಅನ್ನುವುದು ಗೈಡುಗಳಲ್ಲೂ ಇದೆ, ಅಲ್ಲೇ ನಿಲ್ಲಬೇಡಿ. ಪದ್ಯದೊಳಗಿನ ಕೆಲಸಗಳನ್ನು ಗಮನಿಸಿ. ಅಗೆದರೆ ಮೊದಲು ಸಿಗುವುದು ಮಣ್ಣು, ಇನ್ನೂ ಕೆಳಗೆ ಚಿನ್ನದ ಅದಿರು. ಅದನ್ನು ಸುಡಬೇಕು, ಸೋಸಬೇಕು, ಕಾಯಿಸಿ ಬಡಿದು ಇಷ್ಟದೇವತೆಯ ವಿಗ್ರಹಕ್ಕೆ ಒಗ್ಗಿಸಬೇಕು. ಈ ವಿದ್ಯೆಯನ್ನು ಇನ್ನಾದರೂ ಕಲಿಯಬೇಕು ಅನ್ನುವುದು ಅಲ್ಲಿಯ ಧಾಟಿ. ಪರಂಪರೆ ಇಲ್ಲಿ ಕೈಗೆ ಸಿಕ್ಕ ಆಸ್ತಿಯಲ್ಲ, ಕಸಬು. ಆದರೆ ಅದೇ ಪದ್ಯದಲ್ಲಿ ಬಾವಿಯೊಳಗೆ ಕೊಳೆಯುವ ನೀರು ಯಾರ ಶ್ರಮವೂ ಇಲ್ಲದೆ ಆವಿಯಾಗಿ ಮೇಲೇರುತ್ತದೆ. ಹಾಗಾದರೆ ಹಿಂದಿನದು ಹೊಸದಾಗುವುದು ಮನುಷ್ಯನ ದುಡಿಮೆಯಿಂದಲೋ, ತನ್ನಷ್ಟಕ್ಕೆ ತಾನೋ? ಈ ಎರಡು ಪ್ರತಿಮೆಗಳ ಜಗಳವೇ ನಿಮಗೆ ಒಂದು ಅಧ್ಯಾಯ. ಪರಂಪರೆ ಕುರಿತ ಎಲಿಯಟ್‌ನ 1919ರ ಪ್ರಬಂಧವನ್ನು ತರುವುದಾದರೆ ಈ ಜಾಗದಲ್ಲಿ ತನ್ನಿ, ಎಷ್ಟು ಹೊಂದುತ್ತದೆ, ಎಲ್ಲಿ ಸಾಲದು ಅಂತ ತೋರಿಸಿ. ಹೋಲಿಕೆಗಳ ಪಟ್ಟಿ ಮಾಡಿದರೆ ಅದು ವಿಮರ್ಶೆಯಲ್ಲ.

ರಾಜಕೀಯವನ್ನು ತಪ್ಪಿಸಲಾಗದು. 1971ರಲ್ಲಿ ಅಡಿಗರು ಜನಸಂಘದಿಂದ (ಇಂದಿನ ಬಿಜೆಪಿಯ ಪೂರ್ವಜ ಪಕ್ಷ) ಲೋಕಸಭೆಗೆ ನಿಂತು ಸೋತರು. ಅದನ್ನು ಇಟ್ಟುಕೊಂಡು 1959ರ ಪದ್ಯಗಳನ್ನು ಹಿಂದಿನಿಂದ ಓದುವುದು ಸೋಮಾರಿತನ. ಹಾಗಂತ 1972ರ ‘ವರ್ಧಮಾನ’ ಸಂಕಲನವನ್ನು ಓದುವಾಗ ಅದನ್ನು ಮುಚ್ಚಿಡುವುದೂ ಸರಿಯಲ್ಲ. ‘ಶ್ರೀರಾಮನವಮಿಯ ದಿವಸ’ ಪದ್ಯದಲ್ಲಿ ಪುರುಷೋತ್ತಮನ ರೂಪ ಕಾಣಬೇಕಾದರೆ ಚಿತ್ತ ಹುತ್ತಗಟ್ಟಬೇಕು ಅನ್ನುವ ವಾಲ್ಮೀಕಿಯ ನೆನಪಿದೆ. ಭಕ್ತಿಯನ್ನು ತಪಸ್ಸಿನ ಕಷ್ಟಕ್ಕೆ ಕಟ್ಟುವ ಆ ನಡೆಯನ್ನು ‘ಭೂತ’ದ ಕಸಬಿನ ಪಕ್ಕ ಇಟ್ಟು ಓದಿ.

ಎಲ್ಲ ಸಂಕಲನಗಳನ್ನೂ ಒಂದೇ ಪ್ರಬಂಧದಲ್ಲಿ ತುರುಕಲು ಹೋಗಬೇಡಿ. ಆರು ಪದ್ಯ ಸಾಕು, ಪ್ರಕಟವಾದ ವರ್ಷದ ಕ್ರಮದಲ್ಲಿ. ಪ್ರಸ್ತಾರದ ಪುಟಗಳು ಜಾಸ್ತಿಯಾದವು ಅಂತ ಮಾರ್ಗದರ್ಶಕರು ಹೇಳಿದರೆ ಅವನ್ನು ಅನುಬಂಧಕ್ಕೆ ಹಾಕಿ, ಅಧ್ಯಾಯದೊಳಗೆ ಪದ್ಯಕ್ಕೆ ಎರಡು ಮೂರು ಸಾಲು ಉಳಿಸಿಕೊಳ್ಳಿ.